ಎಡಕ್ಕೆ ತಿರುಗಿದ ಐದು ಗೀರು

ಪೂರಿ ಇವತ್ತೂ ಉಬ್ಬಿರಲಿಲ್ಲ. ತಟ್ಟೆಯ ಮುಂದೆ ಕೂತ ಪುಟ್ಟಸ್ವಾಮಿ ಅದನ್ನು ಬೆರಳ ತುದಿಯಿಂದ ಒತ್ತಿ ನೋಡಿದ. ಒತ್ತಿದ್ದು ಹೆಂಡತಿಗೆ ಕಾಣಬಾರದೆಂದು ಕೂಡಲೇ ಒಂದು ಚೂರು ಹರಿದು ಪಲ್ಯಕ್ಕೆ ಅದ್ದಿಕೊಂಡ. ಹಿಟ್ಟು ಸಡಿಲವಾಗಿದೆ; ಎಣ್ಣೆ ಸರಿಯಾಗಿ ಕಾಯುವ ಮೊದಲೇ ಬಿಟ್ಟಿದ್ದಾಳೆ; ಬಿಟ್ಟ ಮೇಲೆ ಜಾಲರಿಯಿಂದ ಮೆಲ್ಲಗೆ ಅದುಮಿಲ್ಲ. ಈ ಮೂರು ತಪ್ಪುಗಳೂ ಅವನಿಗೆ ಮೂವತ್ತಾರು ವರ್ಷಗಳಿಂದ ಗೊತ್ತು, ಮೂವತ್ತಾರು ವರ್ಷಗಳಿಂದ ಅವನು ಒಂದನ್ನೂ ಬಾಯಿಬಿಟ್ಟು ಹೇಳಿಲ್ಲ. ಹೇಳಿದರೆ, ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ನಿಂತಿರುತ್ತದೆ. ಅದಕ್ಕೇ ಅವನು ಈ ಮನೆಯ ಅಡುಗೆಮನೆಯ ಹೊಸ್ತಿಲನ್ನು ನೀರು ಕುಡಿಯುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ದಾಟಿದವನಲ್ಲ. ದಾಟಬೇಕೆಂದು ಕೈ ತುರಿಸದ ದಿನವೂ ಇಲ್ಲ. ಒಳಗಿನಿಂದ ಒಗ್ಗರಣೆಯ ಸದ್ದು ಕೇಳಿದರೆ, ಸಾಸಿವೆ ಸಿಡಿದು ಮುಗಿಯಿತು, ಕರಿಬೇವು ಹಾಕು, ಈಗ ಹಾಕು ಎಂದು ಮನಸ್ಸಿನಲ್ಲೇ ಕೂಗಿಕೊಳ್ಳುತ್ತಾನೆ. ಶಾಂತಕುಮಾರಿ ಹಾಕುವಷ್ಟರಲ್ಲಿ ಸಾಸಿವೆ ಕರಕಾಗಿರುತ್ತದೆ. "ಪೂರಿ ಹೆಂಗಿದೆ?" ಎಂದು ಅವಳು ಬಾಗಿಲಿಗೆ ಬಂದು ಕೇಳಿದಳು. ಸೊಂಟಕ್ಕೆ ಕೈಕೊಟ್ಟು, ಉತ್ತರಕ್ಕಾಗಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಕಾಯುವುದು ಅವಳ ರೂಢಿ. "ಚೆನ್ನಾಗಿದೆ," ಎಂದ. "ಹೌದಾ," ಎಂದು ಅವಳು ಒಳಗೆ ಹೋದಳು.

ಫೋನು ಬಂದದ್ದು ಎರಡನೆಯ ಪೂರಿಗೆ ಕೈಹಾಕುವಾಗ. ಬಸವರಾಜಪ್ಪ. ಬಾಳೂರಿನ ಮೇಲಿನ ಇಳಿಜಾರಿನಲ್ಲಿ ನೂರೆಕರೆ ಕಾಫಿ ತೋಟ, ಎರಡು ವರ್ಷದಿಂದೀಚೆಗೆ ಹೋಮ್‌ಸ್ಟೇ. ಅವರ ಗಂಟಲಿಗೆ ಫೋನಿನ ಅಗತ್ಯವೇ ಇರಲಿಲ್ಲ, ಗುಡ್ಡದಾಚೆಗೂ ನೇರವಾಗಿಯೇ ಕೇಳಿಸುತ್ತಿತ್ತು. "ಮಿಲಿಟರಿ, ಎಲ್ಲಿದೀಯ ಮಾರಾಯ? ಜೀಪ್ ಕಳಿಸಿದೀನಿ, ಹತ್ಕೊಂಡು ಬಾ. ಸಿಲ್ವರ್ ಮರದ ಒಳಗೆ ಬುಲೆಟ್ ಸಿಕ್ಕಿದೆ. ತಾಮ್ರದ್ದು, ಅರ್ಧ ಬೆರಳುದ್ದ. ಭೂತಯ್ಯನ ಮಿಷನ್ ಬ್ಲೇಡಿನ ಹಲ್ಲೇ ಹೋಯ್ತು. ಸ್ಟೇಷನ್‌ಗೆ ಹೇಳಿದೀನಿ, ಎಸ್‌ಐ ಮೇಡಂ ಬರ್ತಿದಾರೆ. ನೀನು ನೋಡಿ ಇಂಥದ್ದು ಅಂತ ಹೇಳ್ಬೇಕು. ಈ ಸೀಮೇಲಿ ನಿನ್ನ ಬಿಟ್ರೆ ಬುಲೆಟ್ ಗೊತ್ತಿರೋನು ಯಾರಿದಾನೆ? ಮೈಮೇಲೆ ತಿಂದೋನು ನೀನು." ಪುಟ್ಟಸ್ವಾಮಿ "ಬಂದೆ" ಎಂದ. ಬೇರೇನನ್ನು ಹೇಳುವುದು? ಕೈ ತೊಳೆಯಲು ಎದ್ದಾಗ ಶಾಂತಕುಮಾರಿ ಸೆರಗು ಸರಿಮಾಡಿಕೊಂಡು ನಿಂತೇ ಇದ್ದಳು. "ನಾನೂ ಬರ್ತೀನಿ ರೀ. ವಿಶಾಲಾಕ್ಷಮ್ಮೋರು ದಾಸವಾಳದ ಕಡ್ಡಿ ಕೊಡ್ತೀನಿ ಅಂದಿದ್ರು." ವಿಶಾಲಾಕ್ಷಮ್ಮ ಬಸವರಾಜಪ್ಪನವರ ಹೆಂಡತಿ. ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ.

ಜೀಪು ಮಣ್ಣುದಾರಿ ಹತ್ತುವಾಗ ಅವನು ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ಕೂತಿದ್ದ. ಮೊಣಕೈಯ ಕೆಳಗೆ ನಾಲ್ಕು ಬೆರಳಗಲದ ನುಣುಪಾದ ಕಲೆ. ಚಳಿಗೆ ಸ್ವಲ್ಪ ಬಿಗಿಯುತ್ತದೆ, ಯಾರಾದರೂ ಗೌರವದಿಂದ ನೋಡಿದರೆ ಇನ್ನೂ ಬಿಗಿಯುತ್ತದೆ. ಎದುರು ಸೀಟಿನಲ್ಲಿ ಶಾಂತಕುಮಾರಿ ಹೊರಗೆ ನೋಡುತ್ತಿದ್ದಳು. ಕಳಸದಾಚೆಯ ಅವಳ ತವರಿನಲ್ಲಿ ಅವಳನ್ನು ನೋಡಲು ಹೋದ ದಿನವೂ ಅವಳು ಬಾಗಿಲ ಮರೆಯಿಂದ ಹೀಗೇ ನೋಡುತ್ತಿದ್ದಿರಬೇಕು, ಬಳೆಯ ಸದ್ದು ಮಾತ್ರ ಕೇಳಿತ್ತು. ಒಂದು ತಿಂಗಳ ರಜೆ, ಇಪ್ಪತ್ತೆಂಟು ವಯಸ್ಸು, ಕೇಸರಿಬಾತಿನ ತಟ್ಟೆ. ಅವಳ ಅಪ್ಪ, ಕಾಳುಮೆಣಸಿನ ಬೆಳೆಗಾರ, ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟ ದಪ್ಪ ಮೀಸೆಯ ಮನುಷ್ಯ, ಪುಟ್ಟಸ್ವಾಮಿ ಕಾಫಿ ಲೋಟಕ್ಕೆ ಕೈಚಾಚಿದಾಗ ಆ ಕೈಯನ್ನೇ ನೋಡಿ, "ಏನಪ್ಪಾ ಇದು, ಗುಂಡೇಟಾ?" ಎಂದರು. ಪೂರಿ ಎಣ್ಣೆ ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂದಿದ್ದವು. ಒಳಗೆ ಬಳೆ ಸದ್ದಾಯಿತು. ಅವನು ತಲೆತಗ್ಗಿಸಿ ಸುಮ್ಮನಾದ. ನಡೆದದ್ದು ಅಷ್ಟೇ. ಸುಳ್ಳು ಹೇಳಿದ್ದರೆ ಎಂದೋ ಒಂದು ದಿನ ಒಪ್ಪಿಕೊಂಡು ಹಗುರಾಗಬಹುದಿತ್ತು. ಹೇಳದೆ ಉಳಿದದ್ದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಅವಳ ಅಪ್ಪ ಮೀಸೆಯೊಳಗೇ ಏನೋ ಅಂದುಕೊಂಡು ಒಳಗೆ ಹೋದರು, ಬಹಳ ಹೊತ್ತು ಹೊರಗೆ ಬರಲಿಲ್ಲ, ಬಂದವರು "ಹುಡುಗ ಗಟ್ಟಿ ಇದಾನೆ, ಆಗ್ಲಿ" ಎಂದರು. ಇಲ್ಲದ ಗುಂಡೇಟಿನಿಂದ ಸಿಕ್ಕ ಹೆಂಡತಿ ಎಂದು ಪುಟ್ಟಸ್ವಾಮಿ ತನ್ನನ್ನು ತಾನೇ ಎಷ್ಟೋ ಸಲ ಹಂಗಿಸಿಕೊಂಡಿದ್ದಾನೆ.

ಸೇನೆ ಬಿಟ್ಟು ಊರಿಗೆ ಬಂದ ಮೇಲೆ ಆ ಮೌನ ತಾನಾಗಿಯೇ ಬೆಳೆಯಿತು. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಬಾವುಟ ಹಾರಿಸಲು ಅವನೇ. ಮಕ್ಕಳು ಗುಂಡಿನ ಕಥೆ ಹೇಳಿ ಎಂದರೆ, "ಅದನ್ನೆಲ್ಲ ಹೇಳಬಾರದು ಮಕ್ಕಳೇ," ಎನ್ನುತ್ತಿದ್ದ. ಅಷ್ಟಕ್ಕೇ ಮೇಷ್ಟ್ರುಗಳ ಕಣ್ಣು ಒದ್ದೆಯಾಗುತ್ತಿತ್ತು. ಒಬ್ಬರು 'ಇಬ್ಬರು ಶತ್ರುಗಳನ್ನು ಹೊಡೆದನಂತೆ' ಎಂದರೆ ಇನ್ನೊಬ್ಬರು 'ಐವರನ್ನು' ಎಂದರು. ಆದದ್ದು ಇಷ್ಟು: ಇಪ್ಪತ್ತನೆಯ ವಯಸ್ಸಿಗೆ ಸೈನ್ಯಕ್ಕೆ ಸೇರಲು ಹೋದ, ಅಡುಗೆಯವರ ಪಟ್ಟಿಯಲ್ಲಿ ಜಾಗ ಖಾಲಿಯಿತ್ತು, ಹದಿನೆಂಟು ವರ್ಷ ಬಾಣಲೆಗಳ ಮುಂದೆ ನಿಂತ. ಒಂದು ಭಾನುವಾರ ಇನ್ನೂರು ಜನಕ್ಕೆ ಪೂರಿ ಕರಿಯುವಾಗ ಬಾಣಲೆ ಓರೆಯಾಯಿತು, ಕೆಳಗೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದವನ ಮೇಲೆ ಬೀಳುತ್ತಿದ್ದ ಎಣ್ಣೆಯನ್ನು ತಡೆಯಲು ಇವನು ತನ್ನ ಕೈ ಸುಟ್ಟರೂ ಹಿಡಿ ಬಿಡದೆ ನಿಂತ. ಹಿಮದ ಮೇಲಿನ ಠಾಣೆಗಳಲ್ಲಿ ಸೀಮೆಎಣ್ಣೆ ಸ್ಟವ್‌ಗೆ ಉಸಿರು ಕಟ್ಟುವಾಗ ಸುತ್ತ ಕಂಬಳಿ ಮರೆಕಟ್ಟಿ ಚಹಾ ಕಾಯಿಸಿದ್ದಾನೆ. ಗಸ್ತಿನಿಂದ ಬಂದವರು ಮಾತಾಡಲೂ ಆಗದೆ ಲೋಟವನ್ನು ಕೆನ್ನೆಗೆ ಒತ್ತಿಕೊಂಡು ಕೂತದ್ದನ್ನು ನೋಡಿದ್ದಾನೆ. ಅದನ್ನು ನೆನೆದರೆ ಅವನಿಗೆ ಈಗಲೂ ಹೆಮ್ಮೆ, ಕೊರಳ ತನಕ ಬರುವ ಹೆಮ್ಮೆ. ಆದರೆ ಊರಿನವರು ಹಾರ ಹಾಕಿ ಕಳಿಸಿದ್ದು ಚಹಾ ಕಾಯಿಸುವವನಿಗಲ್ಲವಲ್ಲ. ಹಾಗಾಗಿ ಆ ಹೆಮ್ಮೆಯನ್ನು ಅವನು ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡ. "ಬೆವರ್ತಿದೀರಲ್ಲ," ಎಂದಳು ಶಾಂತಕುಮಾರಿ. "ಜೀಪಿನ ಶಾಖ," ಎಂದ. ಜನವರಿಯ ಬೆಳಿಗ್ಗೆ, ಜೀಪಿಗೆ ಬಾಗಿಲೇ ಇರಲಿಲ್ಲ.

ಬಸವರಾಜಪ್ಪನವರ ಕಣದ ಒಂದು ಪಾಲಿನಲ್ಲಿ ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿಬೀಜ ಒಣಗುತ್ತಿತ್ತು, ಇನ್ನೊಂದು ಪಾಲಿನಲ್ಲಿ ಭೂತಯ್ಯನ ಮರ ಕೊಯ್ಯುವ ಮಿಷನ್ನು ಬಾಯಿ ತೆರೆದುಕೊಂಡು ನಿಂತಿತ್ತು. ಹೋಮ್‌ಸ್ಟೇಯ ಮಂಚಗಳಿಗೆಂದು ಒಂದು ಹಳೆಯ ಸಿಲ್ವರ್ ಓಕ್ ಮರ ಕಡಿಸಿ, ಮಿಷನ್ನನ್ನು ಕಣಕ್ಕೇ ತರಿಸಿ ಹಲಗೆ ಕೊಯ್ಯಿಸುತ್ತಿದ್ದರು. ಕೆಲಸದವರೆಲ್ಲ ಸುತ್ತ ನಿಂತಿದ್ದರು. ಖಾಕಿಯಲ್ಲಿದ್ದ ಎಸ್‌ಐ ತನುಜಾ ಆಗಲೇ ಬಂದಿದ್ದಳು, ಮೂವತ್ತರ ಆಸುಪಾಸು, ಎಲ್ಲವನ್ನೂ ಎರಡು ಸಲ ನೋಡುವ ಕಣ್ಣು. "ಇವರೇ ಮೇಡಂ, ನಮ್ಮ ಮಿಲಿಟರಿ ಪುಟ್ಟಸ್ವಾಮಿ," ಎಂದು ಬಸವರಾಜಪ್ಪ ಹೋಮ್‌ಸ್ಟೇ ಅತಿಥಿಗಳಿಗೆ ಜಲಪಾತ ತೋರಿಸುವ ದನಿಯಲ್ಲಿ ಹೇಳಿದರು. "ಬಾರ್ಡರ್‌ನಲ್ಲಿ ಬುಲೆಟ್ ತಿಂದಿದಾರೆ. ತೋರ್ಸು ಮಾರಾಯ, ಕೈ ತೋರ್ಸು." ಪುಟ್ಟಸ್ವಾಮಿ ಕೈಯನ್ನು ಒಂದಿಷ್ಟು ಎತ್ತಿದಂತೆ ಮಾಡಿ ಇಳಿಸಿದ. ತನುಜಾ ಕಲೆಯನ್ನು ಒಂದು ಸಲ ನೋಡಿದಳು, ಅವನ ಮುಖವನ್ನು ಒಂದು ಸಲ ನೋಡಿದಳು. ಭೂತಯ್ಯ ಮಾತ್ರ ತನ್ನ ಬ್ಲೇಡಿನ ದುಃಖದಲ್ಲಿದ್ದ. "ಬಾಂಬೇ ಇದ್ದಂಗಿತ್ತು ಪುಟ್ಟಸ್ವಾಮಣ್ಣ. ಕಿಡಿ ಹಾರಿ ನನ್ನ ಮೀಸೆಗೆ ಬಂತು. ಮಿಲಿಟರಿಯೋರಿಗೆ ಹೊಡ್ಯೋಕೆ ನನ್ನ ಮರಾನೇ ಬೇಕಿತ್ತಾ?" "ಮರ ನಂದು ಕಣಯ್ಯ," ಎಂದರು ಬಸವರಾಜಪ್ಪ.

"ವಿಷಯ ಇಷ್ಟೇ, ಯಜಮಾನ್ರೆ," ಎಂದಳು ತನುಜಾ. "ಲ್ಯಾಬಿಗೆ ಹೆಂಗಿದ್ರೂ ಕಳಿಸ್ತೀನಿ, ಅದಕ್ಕೆ ದಿನ ಹಿಡಿಯುತ್ತೆ. ಹಳೇದಾದ್ರೆ ಚಿಂತೆ ಇಲ್ಲ. ಈಗಿನ ರೈಫಲ್‌ದು, ಈಚೆಗೆ ಹಾರಿಸಿದ್ದು ಅಂದ್ರೆ ಇವತ್ತೇ ಕೊಯ್ಲು ನಿಲ್ಲಿಸಿ, ಹೋಮ್‌ಸ್ಟೇ ಖಾಲಿ ಮಾಡ್ಸಿ, ಮೇಲಿನ ಕಾಡು ಹುಡುಕ್ಬೇಕು. ನಿಮ್ಮ ಅಂದಾಜು ಏನು?" ಬಸವರಾಜಪ್ಪನವರ ಮುಖ ಇಳಿಯಿತು. ಎಲ್ಲರೂ ಪುಟ್ಟಸ್ವಾಮಿಯ ಬಾಯಿ ನೋಡಿದರು. ಅವನು ಹಲಗೆಯ ಮೇಲಿಟ್ಟಿದ್ದ ಗುಂಡನ್ನು ಎತ್ತಿಕೊಂಡ. ತಾಮ್ರದ ಬಣ್ಣದ ಕವಚ, ಹಿಂಬದಿಯಲ್ಲಿ ಸೀಸದ ಬೂದು. ಮೂತಿಯ ಒಂದು ಕೆನ್ನೆ ಏನಕ್ಕೋ ತಾಗಿ ಚಪ್ಪಟೆಯಾಗಿದೆ, ಬುಡ ಮಾತ್ರ ದುಂಡಗೆ ಉಳಿದಿದೆ. ಇಷ್ಟು ಯಾರಿಗಾದರೂ ಕಾಣುತ್ತದೆ. ಮುಂದೆ? ಹದಿನೆಂಟು ವರ್ಷದಲ್ಲಿ ಅವನು ಗುಂಡುಗಳನ್ನು ಮುಟ್ಟಿದ್ದಕ್ಕಿಂತ ಗೋಧಿಹಿಟ್ಟಿನ ಮೂಟೆಗಳನ್ನು ಎತ್ತಿದ್ದೇ ಹೆಚ್ಚು. ಸಿಕ್ಕಿಬಿದ್ದೆ, ಎಂದುಕೊಂಡ. ಮೂವತ್ತಾರು ವರ್ಷ ತಪ್ಪಿಸಿಕೊಂಡದ್ದು ಈ ಅರ್ಧ ಬೆರಳಿನಲ್ಲಿ ಬಂದು ಹಿಡಿಯಿತು. ಆದರೆ ಅಂಗೈ ತನ್ನ ಪಾಡಿಗೆ ತಾನು ಆಗಲೇ ಕೆಲಸ ಶುರುಮಾಡಿತ್ತು. ಉಪ್ಪು, ಮೆಣಸು, ಯೀಸ್ಟು ಯಾವುದನ್ನು ಹಾಕಿದರೂ ತೂಗಿಬಿಡುವ ಅಂಗೈ ಅದು. "ಹನ್ನೊಂದು ಗ್ರಾಂ," ಎಂದ, ತಾನು ಹೇಳುತ್ತಿದ್ದೇನೆ ಎಂಬುದು ತಿಳಿಯುವ ಮೊದಲೇ. "ಹನ್ನೊಂದಕ್ಕೆ ಚೂರು ಮೇಲೆ."

ಬಸವರಾಜಪ್ಪ ಹುರಿದ ಕಾಫಿಪುಡಿ ತೂಗುವ ಪುಟ್ಟ ಯಂತ್ರವನ್ನು ತರಿಸಿದರು. ಹನ್ನೊಂದು ಪಾಯಿಂಟ್ ಎರಡು. ಕಣದಲ್ಲಿ ಒಂದು ಉದ್ಗಾರ ಎದ್ದಿತು. "ನೋಡಿದ್ರಾ ಮೇಡಂ, ಮಿಲಿಟರಿ ಕೈ!" ಎಂದರು ಬಸವರಾಜಪ್ಪ. ತನುಜಾ ಫೋನಿನಲ್ಲಿ ಏನೋ ಹುಡುಕುತ್ತ, "ಈಗಿನ ಸಣ್ಣ ರೈಫಲ್ ಗುಂಡು ನಾಲ್ಕು ಗ್ರಾಂ ಇರುತ್ತೆ, ಅಡ್ಡಳತೆ ಆರು ಮಿಲಿಮೀಟರ್ ಒಳಗೆ," ಎಂದಳು. ಅಳೆಯಲು ಯಾರಲ್ಲೂ ಏನೂ ಇರಲಿಲ್ಲ. ಬಡಗಿಯ ಟೇಪು ಅಷ್ಟು ಸಣ್ಣದಕ್ಕೆ ಒದಗುವುದಿಲ್ಲ. ಆಗ ಬಸವರಾಜಪ್ಪನವರೇ ಹಣೆ ಬಡಿದುಕೊಂಡು ಒಳಗಿನಿಂದ ಕಾಫಿಬೀಜ ಗ್ರೇಡ್ ಮಾಡುವ ಜರಡಿಗಳನ್ನು ಹೊತ್ತು ತಂದರು. ಬಿ ಗ್ರೇಡಿನ ಜರಡಿಯ ತೂತು ಸರಿಯಾಗಿ ಆರು ಮಿಲಿಮೀಟರು, ಎಎ ಗ್ರೇಡಿನದು ಏಳಕ್ಕೆ ಸ್ವಲ್ಪ ಮೇಲೆ. ಗುಂಡನ್ನು ಬುಡ ಕೆಳಗೆ ಮಾಡಿ ಬಿ ಜರಡಿಗೆ ಇಟ್ಟರು. ಇಳಿಯಲಿಲ್ಲ. ಎಎ ಜರಡಿಗೆ ಇಟ್ಟು ಅಲ್ಲಾಡಿಸಿದರು. ಅಲ್ಲೂ ಇಳಿಯದೆ ತೂತಿನ ಮೇಲೆ ಗಣಪತಿಯ ಹಾಗೆ ಕೂತಿತು. "ಎಎ ಗ್ರೇಡ್!" ಎಂದು ಭೂತಯ್ಯ ಕೂಗಿದ, ಬ್ಲೇಡಿನ ದುಃಖ ಮರೆತು. "ಎಕ್ಸ್‌ಪೋರ್ಟ್ ಕ್ವಾಲಿಟಿ ಗುಂಡು, ಅಯ್ಯೋರೆ!" ಕೆಲಸದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು, ತನುಜಾಳೂ ನಕ್ಕಳು. "ಸರಿ, ಸಣ್ಣದಲ್ಲ. ಆದ್ರೆ ದೊಡ್ಡದ್ರಲ್ಲೂ ಹಳೇದು ಹೊಸದು ಎರಡೂ ಇದೆ. ಬೇರೆ ಏನಾದ್ರೂ ಗುರುತು?"

ಪುಟ್ಟಸ್ವಾಮಿ ಗುಂಡನ್ನು ಬಿಸಿಲಿಗೆ ಹಿಡಿದು ಉಗುರಿನಿಂದ ಸವರಿದ. ಕವಚದ ಮೇಲೆ ಸಣ್ಣ ಗೀರುಗಳಿದ್ದವು, ಓರೆಯಾಗಿ, ಕೊಳವೆ ಬಿಟ್ಟು ಹೊರಗೆ ಬರುವಾಗ ಮೂಡಿದವು. ತೋಟದ ಕೋವಿಗಳ ಕೊಳವೆ ಒಳಗೆ ನುಣುಪು, ಅವುಗಳಿಂದ ಬಂದದ್ದಕ್ಕೆ ಇಂಥ ಗೀರು ಬೀಳುವುದಿಲ್ಲ; ಇದು ರೈಫಲ್ಲೇ. ಉಗುರು ಎಣಿಸಿತು. ಒಂದು, ಎರಡು, ಮೂರು, ನಾಲ್ಕು, ಐದು. ಐದೂ ಎಡಕ್ಕೆ ವಾಲಿದ್ದವು. ಐದು ಗೀರು, ಎಡಕ್ಕೆ ತಿರುವು, ಎಂದು ಯಾರೋ ಕಿವಿಯಲ್ಲಿ ಕೂಗಿದರು, ಯಾರೆಂದು ತಿರುಗಿ ನೋಡುವಷ್ಟು ಸ್ಪಷ್ಟವಾಗಿ. ಅದು ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ ತರಬೇತಿ ಕೊಡುತ್ತಿದ್ದ ಉಸ್ತಾದರ ದನಿ. ಹದಿನೆಂಟು ವಯಸ್ಸು, ಕಾಲಿಗೆ ದೊಡ್ಡದಾದ ಬೂಟು, ಗುಡ್ಡದ ಹುಲ್ಲಿನ ಮೇಲೆ ಬೋರಲು ಮಲಗಿದ ನಲವತ್ತು ಹುಡುಗರು. ತ್ರೀ ನಾಟ್ ತ್ರೀ ರೈಫಲ್ಲಿನ ಕೊಳವೆಯಲ್ಲಿ ಎಷ್ಟು ಗೀರು? ಐದು, ಉಸ್ತಾದ್! ಯಾವ ಕಡೆ ತಿರುವು? ಎಡಕ್ಕೆ, ಉಸ್ತಾದ್! ತಪ್ಪು ಹೇಳಿದವನು ಮೈದಾನ ಒಂದು ಸುತ್ತು ಓಡಬೇಕು. ತಲೆಗೆ ಐದರಂತೆ ಗುಂಡು ಕೊಟ್ಟಿದ್ದರು. ಬೇರೆಯವರಿಗೆ ಮೂರು ತಾಗಿದವು, ನಾಲ್ಕು ತಾಗಿದವು. ಅವನ ಸರದಿಯಲ್ಲಿ ಗುರಿಹಲಗೆಯ ಪಕ್ಕದ ಗುಂಡಿಯಲ್ಲಿದ್ದ ಹುಡುಗ ಕೆಂಪು ಬಾವುಟವನ್ನು ಐದು ಸಲ ಬೀಸಿದ. ಐದಕ್ಕೆ ಸೊನ್ನೆ. ಐದನೆಯದಂತೂ ಬಲಭಾಗದ ಬಿಳಿ ಬಂಡೆಗೆ ಬಡಿದು, ಕೀಚೆಂದು ಹಾರಿ, ಬೇಲಿಯಂಚಿನ ಮರವೊಂದರ ತೊಗಟೆಯನ್ನು ಕಿತ್ತು ಹಾಕಿತ್ತು. ಉಸ್ತಾದರು ದುರ್ಬೀನು ಇಳಿಸಿ, ಎಲ್ಲರಿಗೂ ಕೇಳುವಂತೆ, "ಪುಟ್ಟಸ್ವಾಮಿ, ನಿನಗೆ ನಾನು ಸರ್ಟಿಫಿಕೇಟ್ ಕೊಡಲ್ಲ. ಆ ಮರದ ಹತ್ತಿರ ಹೋಗಿ ಈಸ್ಕೋ," ಎಂದಿದ್ದರು. ನಲವತ್ತು ಹುಡುಗರು ನಕ್ಕಿದ್ದರು. ಆ ರಾತ್ರಿ ಊಟ ಬಿಟ್ಟು ಅಡುಗೆ ಡೇರೆಯ ಹಿಂದೆ ಕೂತಿದ್ದವನನ್ನು ಕರೆದು, ಈರುಳ್ಳಿ ಹೆಚ್ಚೋಕೆ ಬರುತ್ತಾ ಎಂದು ಕೇಳಿದವರು ಅಡುಗೆಯವರು.

"ಈ ಮರ ಎಲ್ಲಿದ್ದಿದ್ದು, ಬಸವರಾಜಪ್ಪೋರೆ?" ಅವನ ದನಿ ಅವನಿಗೇ ಗುರುತು ಹತ್ತಲಿಲ್ಲ. "ಮೇಲೆ ಗೋಮಾಳದ ಬೇಲಿ ಮೂಲೇಲಿ. ಬಿಳಿ ಬಂಡೆ ಇಲ್ವಾ, ಅದರ ಎಡಕ್ಕೆ." "ಗುಂಡು ಮರದಲ್ಲಿ ಎಷ್ಟು ಒಳಗಿತ್ತು, ಭೂತಯ್ಯ?" ಭೂತಯ್ಯ ಗೇಣು ಚಾಚಿ ತೋರಿಸಿದ. "ಗೇಣಿಗಿಂತ ಜಾಸ್ತಿ ಮರ ಬೆಳ್ದಿತ್ತು ಅದರ ಮೇಲೆ. ನಲವತ್ತು ವರ್ಷದ್ದು ಅಂತೂ ಹೌದು." ಪುಟ್ಟಸ್ವಾಮಿ ಅಂಗೈಯಲ್ಲಿದ್ದ ಚಪ್ಪಟೆ ಕೆನ್ನೆಯ ಗುಂಡನ್ನು ನೋಡಿದ. ನಾಚಿಕೆಯಾಗಬೇಕಿತ್ತು. ಆಗಿದ್ದು ಖುಷಿ, ಕಳೆದುಹೋದ ದನ ಎಷ್ಟೋ ವರ್ಷದ ಮೇಲೆ ಕೊಟ್ಟಿಗೆಗೆ ತಾನಾಗಿ ಬಂದು ನಿಂತರೆ ಆಗುವಂಥ ಖುಷಿ. ಅವನಿಗೆ ತಡೆಯಲಾಗಲಿಲ್ಲ. "ಮೇಡಂ, ಇದು ತ್ರೀ ನಾಟ್ ತ್ರೀ. ನಲವತ್ತಾರು ವರ್ಷದ ಹಿಂದಿಂದು. ಹೊಡೆದೋನು ನಾನೇ."

ಎಲ್ಲವನ್ನೂ ಹೇಳಿದ. ಬಂಡೆ, ಬಾವುಟ, ಮರದ ಸರ್ಟಿಫಿಕೇಟು. ಹೇಳುತ್ತ ಹೇಳುತ್ತ ಅವನೇ ನಗತೊಡಗಿದ, ಕಣವೂ ನಕ್ಕಿತು. ಬಸವರಾಜಪ್ಪನವರಿಗೆ ಕೊಯ್ಲು ಉಳಿದ ಸಮಾಧಾನ, ಜೊತೆಗೆ ನೆನಪೂ ಬಂತು. ಅಪ್ಪನ ಕಾಲದಲ್ಲಿ ಗೋಮಾಳದಲ್ಲಿ ಹುಡುಗರು ಕ್ಯಾಂಪು ಹಾಕಿದ್ದು ಹೌದು, ತೋಟದಿಂದ ಕಿತ್ತಳೆ ಕದ್ದಿದ್ದೂ ಹೌದು. "ಐದಕ್ಕೆ ಐದೂ ತಪ್ಪಿಸಿದ್ಯಾ ಮಾರಾಯ! ಇರ್ಲಿ, ಆಮೇಲೆ ಮಿಲಿಟರಿಗೆ ಸೇರಿ ಗುರಿ ಸರಿ ಮಾಡ್ಕೊಂಡ್ಯಲ್ಲ," ಎಂದು ಬೆನ್ನು ತಟ್ಟಿದರು. ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು, ಎಲ್ಲ ಮೊದಲಿನ ಹಾಗೇ ಇರುತ್ತಿತ್ತು. ತನುಜಾ ಜೀಪಿನ ಬಾನೆಟ್ ಮೇಲೆ ಕಾಗದ ಹರಡಿಕೊಂಡಿದ್ದಳು. "ಒಂದು ಹೇಳಿಕೆ ಬರ್ಕೋತೀನಿ, ಸೈನ್ ಹಾಕಿ. ಹೆಸರು ಆಯ್ತು, ಊರು ಆಯ್ತು. ಮಾಜಿ ಸೈನಿಕರು. ಸೇನೇಲಿ ಯಾವ ಟ್ರೇಡು, ಅಂದ್ರೆ ಏನು ಕೆಲಸ?"

ಪೆನ್ನು ಕಾಗದದ ಮೇಲೆ ನಿಂತಿತು. ಅದೇ ಮೌನ, ಕೇಸರಿಬಾತಿನ ತಟ್ಟೆಯ ಮುಂದಿನದು, ಮತ್ತೆ ಬಂದು ಅವನ ಬಾಯಿಯ ಮೇಲೆ ಕೂತಿತು. ಜಗುಲಿಯಲ್ಲಿ ಬಳೆ ಸದ್ದಾಯಿತು. ಶಾಂತಕುಮಾರಿ ಕೈಯಲ್ಲಿ ದಾಸವಾಳದ ಕಡ್ಡಿಗಳನ್ನು ಹಿಡಿದು ನಿಂತಿದ್ದಳು, ಯಾವಾಗಿನಿಂದಲೋ. ಅವಳ ಮುಂದೆ ಹೇಳುವುದೆಂದರೆ ಮದುವೆಯ ಮಂಟಪದಿಂದ ಕೆಳಗಿಳಿದ ಹಾಗೆ. ಆದರೆ ಇದು ಸರ್ಕಾರಿ ಕಾಗದ, ಕೆಳಗೆ ತನ್ನ ಸಹಿ. ಸುಮ್ಮನಿದ್ದರೆ ಆ ಜಾಗ ಖಾಲಿ ಉಳಿಯುತ್ತದೆ, ಖಾಲಿ ಬಿಟ್ಟದ್ದನ್ನು ಜನ ಏನೇನೋ ತುಂಬಿಕೊಳ್ಳುತ್ತಾರೆ. ಇಷ್ಟು ವರ್ಷ ಆದದ್ದೂ ಅದೇ. ಅಂಗೈಯೊಳಗಿನ ಗುಂಡು ಬೆಚ್ಚಗಾಗಿತ್ತು. ಅದೂ ನಲವತ್ತಾರು ವರ್ಷ ಮರದೊಳಗೆ ಕೂತು ಸಾಕಾಗಿ ಬಂದದ್ದಲ್ಲವೇ ಎನಿಸಿತು. "ಕುಕ್ಕು, ಮೇಡಂ," ಎಂದ. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಕಣದಾಚೆಗೂ ಮುಟ್ಟುವಂತೆ, "ಅಡುಗೆಯೋನು ನಾನು. ಹದಿನೆಂಟು ವರ್ಷ. ಬಂದೂಕು ಹಿಡಿದೋರಿಗೆ ಊಟಕ್ಕೆ ಹಾಕಿದೋನು. ಇದು ಗುಂಡೇಟಲ್ಲ. ಪೂರಿ ಎಣ್ಣೆ," ಎಂದು ಕೈ ಎತ್ತಿ ತೋರಿಸಿದ.

ಪಾರ್ಚ್‌ಮೆಂಟ್ ಹರಡುತ್ತಿದ್ದ ಹೆಂಗಸಿನ ಕೈ ನಿಂತಿತು. ಮೊದಲು ಚೇತರಿಸಿಕೊಂಡವನು ಭೂತಯ್ಯ. "ಹಂಗಾದ್ರೆ ಪುಟ್ಟಸ್ವಾಮಣ್ಣ, ನನ್ನ ಮಗಳ ಮದ್ವೇಲಿ ಆ ಹಸಿಬಿಸಿ ಪಲಾವ್ ಬೆಂದಿಲ್ಲ ಅಂತ ಗೊತ್ತಿದ್ರೂ ಸುಮ್ನೆ ಕೂತು ತಿಂದ್ರಾ? ಒಂದು ಮಾತು ಹೇಳಬಾರದಿತ್ತಾ?" ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು. ಬಸವರಾಜಪ್ಪ ತೆರೆದ ಬಾಯಿ ಮುಚ್ಚದೆ ನಿಂತಿದ್ದರು. "ಗೆಸ್ಟ್‌ಗಳಿಗೆಲ್ಲ ಹೇಳಿದೀನಲ್ಲೋ ಮಾರಾಯ. ನಾಳೆ ಎಂಟು ಜನ ಬರ್ತಾರೆ, ನಿನ್ನ ನೋಡೋಕೇ ಬರ್ತಾರೆ. ಏನು ಹೇಳ್ಲಿ ಅವರಿಗೆ?" ತನುಜಾ ತಲೆ ಎತ್ತದೆ ಬರೆಯುತ್ತಿದ್ದಳು. "ಊಟಕ್ಕೆ ಬನ್ನಿ ಅನ್ನಿ," ಎಂದಳು. "ಟ್ರೈನಿಂಗ್‌ನಲ್ಲಿ ಡ್ರಿಲ್ ಮಾಡ್ಸಿದೋರ ಹೆಸರು ನಂಗೆ ಮರೆತೋಗಿದೆ. ಮೆಸ್ಸಿನಲ್ಲಿ ಎರಡನೇ ಸಲ ಅನ್ನ ಹಾಕ್ತಿದ್ದೋರ ಹೆಸರು ನೆನಪಿದೆ. ಇಲ್ಲಿ ಸೈನ್ ಹಾಕಿ ಸರ್." ಅಲ್ಲಿಯವರೆಗೆ ಯಜಮಾನ್ರೆ ಎನ್ನುತ್ತಿದ್ದವಳು ಸರ್ ಎಂದದ್ದು ಅವನಿಗೆ ಕೇಳಿಸಿತು. ಸಹಿ ಹಾಕಿದ, ಗುಂಡನ್ನು ಅವಳ ಲಕೋಟೆಗೆ ಬಿಟ್ಟ. ಹನ್ನೊಂದು ಪಾಯಿಂಟ್ ಎರಡು ಗ್ರಾಂ ಹಗುರಾಗಿದ್ದಕ್ಕೆ ಕೈ ಇಷ್ಟು ಹಗುರಾಗಬೇಕಿರಲಿಲ್ಲ.

ಶಾಂತಕುಮಾರಿ ತಾನೇ ಮೊದಲು ಜೀಪು ಹತ್ತಿ ಕೂತಳು. ವಾಪಸು ಬರುವಾಗ ದಾಸವಾಳದ ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡು ಹೊರಗೇ ನೋಡುತ್ತಿದ್ದಳು, ಅವಳ ಭುಜ ಜೀಪಿನ ಕುಲುಕಾಟಕ್ಕೂ ಮೀರಿ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡ. ಮೋಸ ಮಾಡಿದೆ, ಇವಳಪ್ಪನಿಗೂ ಮೋಸ ಮಾಡಿದೆ, ತೀರಿಕೊಂಡವರ ಹತ್ತಿರ ತಪ್ಪೊಪ್ಪಿಕೊಳ್ಳುವುದಕ್ಕೂ ಆಗದು. ಮನೆಯ ಅಂಗಳದಲ್ಲಿ ಇಳಿದು ಜೀಪು ತಿರುಗಿ ಹೋದ ಮೇಲೆ, "ಶಾಂತಾ, ನಿಮ್ಮಪ್ಪಯ್ಯ ಕೇಳಿದಾಗಲೇ..." ಎಂದು ಶುರುಮಾಡಿದ. ಅವಳು ಕೈ ಅಡ್ಡ ಹಿಡಿದಳು, ಮಾತಾಡಲು ಆಗದೆ ಕಟ್ಟೆಯ ಮೇಲೆ ಕೂತಳು. ಅಳುತ್ತಿರಲಿಲ್ಲ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಗೊತ್ತಿತ್ತು ರೀ."

"ಏನು?"

"ಎಣ್ಣೆ ಅಂತ. ನೀವು ಕಾಫಿ ಲೋಟಕ್ಕೆ ಕೈ ಚಾಚಿದಾಗಲೇ. ಅಪ್ಪಯ್ಯ ಯಾಕೆ ಯಾವಾಗ್ಲೂ ತುಂಬುತೋಳಿನ ಅಂಗಿ ಹಾಕ್ತಿದ್ರು ಅಂತ ಒಂದು ಸಲಾನಾದ್ರೂ ಕೇಳಿದೀರಾ? ಪ್ರಾಯದಲ್ಲಿ ನಮ್ಮೂರ ಮದುವೆಗಳಿಗೆಲ್ಲ ಬಾಣಲೆ ಮುಂದೆ ನಿಲ್ತಿದ್ದೋರು ಅವರೇ. ಅವರ ಕೈಮೇಲೂ ಇಂಥದ್ದೇ ಕಲೆ, ಎರಡು. ತಮಾಷೆಗೆ ಗುಂಡೇಟಾ ಅಂತ ಕೇಳಿದ್ರು. ನೀವು ಪಾಪ ತಲೆ ತಗ್ಗಿಸಿಬಿಟ್ರಿ. ಒಳಗೆ ಬಂದು ನಗೋಕೆ ಶುರು ಮಾಡಿದ್ರು, ನಿಲ್ಲಿಸೋಕೇ ಆಗ್ಲಿಲ್ಲ. ಆಮೇಲೆ ಹೇಳಿದ್ರು, 'ಇಷ್ಟಗಲ ಸುಟ್ಟಿದೆ ಅಂದ್ರೆ ಹಿಡಿ ಬಿಡದೆ ನಿಂತಿದಾನೆ. ಇವನಿಗೆ ಕೊಡಬಹುದು,' ಅಂತ."

ಪುಟ್ಟಸ್ವಾಮಿ ಅಂಗಳದ ಮಧ್ಯೆ ನಿಂತೇ ಇದ್ದ. ಮೂವತ್ತಾರು ವರ್ಷ ಅವನು ಉಸಿರು ಬಿಗಿಹಿಡಿದು ಕಾದ ಬಾಗಿಲಿಗೆ ಚಿಲಕವೇ ಇರಲಿಲ್ಲ. ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಮೊದಲು ಸಿಟ್ಟಾದ. "ಮತ್ತೆ ಹೇಳಲಿಲ್ಲ ಯಾಕೆ?"

"ನೀವಾಗೇ ಹೇಳ್ಲಿ ಅಂತ. ಹೇಳ್ಲಿ ಅಂತ ಏನೆಲ್ಲ ಮಾಡಿದೀನಿ ನಾನು! ಬಾಣಲೆ ಮುಂದೆ ಬೆಳೆದ ಮಗಳು ರೀ ನಾನು. ಪೂರಿ ಉಬ್ಬಿಸೋಕೆ ಬರಲ್ವಾ ನಂಗೆ? ಬೇಕಂತಲೇ ಕೆಡಿಸ್ತಿದ್ದೆ. ಇವತ್ತು ತಡೀಲಾರದೆ ಎದ್ದು ಬಂದು, 'ಸರ್ಕೋ ಆ ಕಡೆ' ಅಂತಾರೆ, ಇವತ್ತು ಬೈತಾರೆ ಅಂತ ಬಾಗಿಲಲ್ಲಿ ನಿಂತು ಕಾಯೋದು. ನೀವು 'ಚೆನ್ನಾಗಿದೆ' ಅನ್ನೋದು." ಅವಳ ನಗು ಅಲ್ಲಿಗೆ ನಿಂತಿತು. ಕಣ್ಣು ಒರೆಸಿಕೊಂಡಳು, ಈ ಸಲ ಬೇರೆ ನೀರು. "ಹತ್ತು ವರ್ಷ ಹಂಗೆ ಬೇಕಂತ ಮಾಡ್ದೆ. ಆಮೇಲೆ ಕೈಗೆ ಅದೇ ಅಭ್ಯಾಸ ಆಗೋಯ್ತು. ಈಗ ಸರಿ ಮಾಡ್ಬೇಕು ಅಂದ್ರೂ ಬರಲ್ಲ. ನೆಂಟರ ಮುಂದೆಲ್ಲ ನನ್ನ ಮಾನ ಹೋಯ್ತು, ನೀವು ಮಾತ್ರ ಬಾಯಿ ಬಿಡ್ಲಿಲ್ಲ."

ಪುಟ್ಟಸ್ವಾಮಿ ಅಂಗಳ ದಾಟಿ ಬಂದ. ಚಪ್ಪಲಿ ಬಿಟ್ಟ, ಕೈಕಾಲು ತೊಳೆದ, ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಿಸಿದ, ಅಡುಗೆಮನೆಯ ಹೊಸ್ತಿಲು ದಾಟಿದ. ಬೆಳಗಿನ ಬಾಣಲೆ ಒಲೆಯ ಮೇಲೇ ಇತ್ತು. ಡಬ್ಬಿಗಳನ್ನು ಒಂದೊಂದಾಗಿ ಮೂಸಿ ಹಿಟ್ಟನ್ನು ಪತ್ತೆಹಚ್ಚಿದ. ಅಂಗೈ ತಾನೇ ಅಳೆದುಕೊಂಡಿತು. ಇನ್ನೂರು ಜನದ ಲೆಕ್ಕಕ್ಕೆ ಹೊರಟದ್ದನ್ನು ಹೇಗೋ ಇಬ್ಬರಿಗೆ ಇಳಿಸಿದ. ಗಟ್ಟಿಯಾಗಿ ನಾದುವಾಗ ಕಲೆಯ ಚರ್ಮ ಬಿಗಿಯಿತು, ಹಿತವಾಗಿ. ಎಣ್ಣೆಗೆ ಸಾಸಿವೆ ಕಾಳಿನಷ್ಟು ಹಿಟ್ಟು ಬಿಟ್ಟು ಅದು ಮುಳುಗಿ ಏಳುವುದನ್ನು ಕಾದ. ಪೂರಿ ಬಿಟ್ಟ. ಜಾಲರಿಯಿಂದ ಮೆಲ್ಲಗೆ ಅದುಮಿದ. ಅದು ಒಂದು ಕ್ಷಣ ಯೋಚಿಸಿ, ಅಂಚಿನಿಂದ ಉಬ್ಬುತ್ತ ಬಂದು, ತುಂಬಿ ನಿಂತಿತು. ಅವನು ಜೋರಾಗಿ ಏನೋ ಕೂಗಿದ, ಹಿಂದಿಯಲ್ಲಿರಬೇಕು, ಮೆಸ್ಸಿನ ಹಳೆಯ ಕೂಗು.

ಶಾಂತಕುಮಾರಿ ಬೆಳಿಗ್ಗೆ ಅವನು ಕೂತಿದ್ದ ಜಾಗದಲ್ಲೇ ಕೂತಿದ್ದಳು. ತಟ್ಟೆಗೆ ಬಿದ್ದ ಪೂರಿಯನ್ನು ಬೆರಳ ತುದಿಯಿಂದ ಒತ್ತಿದಳು. ಹಬೆ ಬಂತು, ಬೆರಳು ಹಿಂದೆಗೆದಳು. ಚೂರು ಹರಿದು ಬಾಯಿಗಿಟ್ಟಳು. ಪುಟ್ಟಸ್ವಾಮಿ ಬಾಗಿಲಿನಲ್ಲಿ ಬಂದು ನಿಂತಿದ್ದ, ಸೊಂಟಕ್ಕೆ ಕೈಕೊಟ್ಟು, ಹಣೆಯ ಮೇಲೆ ಹಿಟ್ಟು.

"ಪೂರಿ ಹೆಂಗಿದೆ?"

ಅವಳು ನಿಧಾನವಾಗಿ ಅಗಿದಳು. ಇನ್ನೊಂದು ಚೂರು ಹರಿದಳು, ಅದನ್ನೂ ಅಗಿದಳು.

"ಉಪ್ಪು ಕಮ್ಮಿ," ಎಂದಳು.

ಈ ಮನೆಯಲ್ಲಿ ಪೂರಿಯ ಬಗ್ಗೆ ಯಾರಾದರೂ ನಿಜ ಹೇಳಿದ್ದು ಅದೇ ಮೊದಲು. ಪುಟ್ಟಸ್ವಾಮಿಗೆ ಆದ ಖುಷಿಗೆ ಅವಳ ತಟ್ಟೆಯಿಂದಲೇ ಒಂದು ಚೂರು ಕಿತ್ತುಕೊಂಡು ರುಚಿ ನೋಡಿದ. ಹೌದು, ಕಮ್ಮಿಯೇ. ಒಳಗೆ ಹೋಗಿ ಡಬ್ಬಿಗಳ ಸಾಲಿನ ಮುಂದೆ ನಿಂತು, ಉಪ್ಪು ಎಲ್ಲಿಟ್ಟಿದೀಯ ಶಾಂತಾ, ಎಂದು ಕೂಗಿದ. ಮೂವತ್ತಾರು ವರ್ಷ ಅದೇ ಮನೆಯ ಊಟ ಉಂಡವನಿಗೆ ಅದು ಗೊತ್ತಿರಲಿಲ್ಲ.